ಕೆಂಪು ಹಿಡಿಕೆಯನ್ನು ಎಷ್ಟು ಜನ ಮುಟ್ಟಿದ್ದೀರಿ?

ಮಂಡ್ಯ ಜಿಲ್ಲೆಯ ಒಂದು ಶಾಲೆಯಲ್ಲಿ, ಬೇಸಿಗೆ ರಜೆ ಮುಗಿಯುವ ವಾರ, ಬಸ್ ಡ್ರೈವರುಗಳು, ಆಯಾಗಳು, ಶಿಕ್ಷಕರು ಮತ್ತು ಪೋಷಕರ ಮುಂದೆ ದೈಹಿಕ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಡ್ರೈವರಣ್ಣಂದಿರು, ಆಯಾಗಳು ದಯವಿಟ್ಟು ಹಿಂದಿನ ಸಾಲಿನಿಂದ ಮುಂದಕ್ಕೆ ಬಂದು ಕೂತುಕೊಳ್ಳಿ. ಇವತ್ತಿನ ಮಾತು ಮೊದಲು ನಿಮಗೆ, ಆಮೇಲೆ ಉಳಿದವರಿಗೆ. ಬೆಳಗ್ಗೆ ಏಳೂವರೆಗೆ ಊರಬಾಗಿಲಲ್ಲಿ ತಾಯಿ ಮಗುವಿನ ಕೈ ಬಿಡುವುದು ನಿಮ್ಮನ್ನು ನಂಬಿ. ಹೆಡ್ ಮೇಷ್ಟ್ರನ್ನು ನಂಬಿ ಅಲ್ಲ, ನನ್ನನ್ನು ನಂಬಿಯೂ ಅಲ್ಲ.

ಒಂದೇ ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ನಮ್ಮ ಬಸ್ಸುಗಳಲ್ಲಿ ಕೆಂಪು ಅಕ್ಷರದಲ್ಲಿ 'ತುರ್ತು ನಿರ್ಗಮನ' ಅಂತ ಬರೆದಿರುವ ಬಾಗಿಲಿದೆ, ಅದಕ್ಕೊಂದು ಕೆಂಪು ಹಿಡಿಕೆ ಇದೆ. ಅದನ್ನು ನಿಮ್ಮ ಕೈಯಾರೆ ತಿರುಗಿಸಿ, ಬಾಗಿಲು ತೆರೆದು ನೋಡಿದವರು ಕೈ ಎತ್ತಿ.

ಮೂರು ಕೈ. ಇಬ್ಬರು ಡ್ರೈವರು, ಒಬ್ಬ ಮೆಕ್ಯಾನಿಕ್. ಆಯಾಗಳು ಒಬ್ಬರೂ ಇಲ್ಲ, ಪೋಷಕರು ಒಬ್ಬರೂ ಇಲ್ಲ. ಇಲ್ಲಿ ಮಕ್ಕಳು ಕೂತಿದ್ದರೆ ಅವರಲ್ಲೂ ಯಾರೂ ಎತ್ತುತ್ತಿರಲಿಲ್ಲ. ಆ ಹಿಡಿಕೆಯನ್ನು ಮುಟ್ಟಬಾರದು ಅಂತಲೇ ಅವರಿಗೆ ಹೇಳಿಕೊಟ್ಟಿದ್ದೇವೆ. 'ಏಯ್, ಅದನ್ನ ಮುಟ್ಟಬೇಡ, ಬಾಗಿಲು ತೆಗೆದುಕೊಂಡುಬಿಡುತ್ತೆ.' ದಿನಾ ಕೇಳುವ ಮಾತು ಇದು. ಆ ಬಾಗಿಲು ತೆಗೆಯಲೇಬೇಕಾದ ಒಂದು ದಿನ ಬಂದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಅವರಿಗೆ ಹೇಳಿಲ್ಲ.

2018ರ ನವೆಂಬರ್ 24. ಈ ದಿನಾಂಕ ಹೇಳಿದ ಕೂಡಲೇ ಇಲ್ಲಿ ಕೆಲವರ ಮುಖ ಇಳಿದದ್ದು ನನಗೆ ಕಾಣುತ್ತಿದೆ. ಆ ಕಡೆಯ ಊರಿನವರೂ ಈ ಸಭೆಯಲ್ಲಿ ಇರಬಹುದು, ಅದಕ್ಕೇ ತಗ್ಗಿದ ದನಿಯಲ್ಲೇ ಹೇಳುತ್ತೇನೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿ. ಶನಿವಾರ, ಅರ್ಧ ದಿನದ ಶಾಲೆ. ಮಂಡ್ಯದ ಕಡೆಗೆ ಹೊರಟಿದ್ದ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅದು ಶಾಲಾ ಬಸ್ ಅಲ್ಲ ಅಂತ ನೀವು ಹೇಳಬಹುದು. ನಮ್ಮ ಹಳ್ಳಿ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಯಾವ ಬಸ್ ಬರುತ್ತದೋ ಅದೇ ಶಾಲಾ ಬಸ್.

ಆ ಬಸ್ಸು ಬಾಗಿಲಿರುವ ಮಗ್ಗುಲಿಗೇ ಮಗುಚಿ ನೀರಿನಲ್ಲಿ ಮುಳುಗಿತ್ತು. ಹತ್ತುವ, ಇಳಿಯುವ ದಾರಿ ನಾಲೆಯ ತಳಕ್ಕೆ ಒತ್ತಿಕೊಂಡಿತ್ತು. ಇದು ಆ ಒಂದು ಬಸ್ಸಿನ ದುರ್ದೈವ ಮಾತ್ರ ಅಲ್ಲ. ನಾವು ರಸ್ತೆಯ ಎಡಬದಿಯಲ್ಲಿ ಬಸ್ ಓಡಿಸುತ್ತೇವೆ. ಬಾಗಿಲು ಇರುವುದೂ ಎಡಕ್ಕೆ. ಹಳ್ಳ, ಚರಂಡಿ, ನಾಲೆಯ ಅಂಚು, ಗದ್ದೆ, ಎಲ್ಲವೂ ನಮ್ಮ ಎಡಕ್ಕೇ. ಎದುರಿಗೆ ಲಾರಿ ಬಂದಾಗ ಡ್ರೈವರು ಸ್ಟೇರಿಂಗ್ ಎಳೆಯುವುದೂ ಎಡಕ್ಕೆ. ಹಾಗಾಗಿ ಬಸ್ಸು ಮಗುಚುವ ದಿನ ಅದು ತನ್ನ ಬಾಗಿಲಿನ ಮೇಲೆಯೇ ಮಲಗುವ ಸಾಧ್ಯತೆ ಹೆಚ್ಚು. ದಿನಾ ಬಳಸುವ ಬಾಗಿಲು, ಮಕ್ಕಳಿಗೆ ಗೊತ್ತಿರುವ ಒಂದೇ ಬಾಗಿಲು, ಮೊದಲು ಕೈ ಕೊಡುವುದೂ ಅದೇ.

ಈಗ ನಿಮ್ಮ ಬಸ್ಸು ಎಡಮಗ್ಗುಲಾಗಿ ಮಲಗಿದೆ ಅಂತ ಮನಸ್ಸಿನಲ್ಲೇ ನೋಡಿ. ಬಲಗಡೆಯ ಕಿಟಕಿಗಳೆಲ್ಲ ಈಗ ಚಾವಣಿ. ತುರ್ತು ಬಾಗಿಲು ಬಲಮಗ್ಗುಲಲ್ಲಿದ್ದರೆ ಅದೂ ತಲೆಯ ಮೇಲೆ, ಏಳೆಂಟು ಅಡಿ ಎತ್ತರದಲ್ಲಿ. ದೊಡ್ಡವರು ಸೀಟಿನ ಅಂಚಿಗೆ ಕಾಲಿಟ್ಟು ಹತ್ತಿ, ಭಾರದ ಕಬ್ಬಿಣದ ಬಾಗಿಲನ್ನು ಮೇಲಕ್ಕೆ ನೂಕಬೇಕು. ನಾಲ್ಕನೇ ಕ್ಲಾಸಿನ ಮಗುವಿನಿಂದ ಅದು ಆಗದು. ಆಗ ನಡೆದೇ ಹೊರಗೆ ಹೋಗಬಹುದಾದ ದಾರಿ ಎರಡೇ: ಹಿಂದಿನ ಬಾಗಿಲು, ಮತ್ತು ಚಾವಣಿಯಲ್ಲಿ ಕಿಂಡಿ ಇದ್ದರೆ ಅದು. ಬಸ್ಸು ನೆಟ್ಟಗೆ ನಿಂತಿದ್ದಾಗ ಕೈಗೆಟುಕದ ಚಾವಣಿ ಕಿಂಡಿ, ಬಸ್ಸು ಮಲಗಿದಾಗ ಗೋಡೆಯ ಬಾಗಿಲಾಗುತ್ತದೆ. ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಬೆಂಕಿಪೊಟ್ಟಣ ಒಂದಕ್ಕೆ ಪೆನ್ನಿನಲ್ಲಿ ಬಾಗಿಲು, ಕಿಟಕಿ, ಕಿಂಡಿ ಬರೆದು ಮೇಜಿನ ಮೇಲೆ ಉರುಳಿಸಿ. 'ಈಗ ಹೇಗೆ ಹೊರಗೆ ಬರ್ತೀಯ?' ಅಂತ ಕೇಳಿ. ಮೂರನೇ ಕ್ಲಾಸಿನವರೂ ಬೆರಳಿಟ್ಟು ತೋರಿಸುತ್ತಾರೆ.

ನೀರಿನ ವಿಷಯ ಇನ್ನೊಂದಿದೆ, ನಾಲೆಯ ಸೀಮೆಯವರಾದ ನಾವು ತಿಳಿದಿರಬೇಕಾದದ್ದು. ಎರಡು ಅಡಿ ಅಗಲದ ಬಾಗಿಲು, ಹೊರಗೆ ಒಂದು ಮೀಟರ್ ನೀರು, ಒಳಗೆ ಇನ್ನೂ ನೀರು ನುಗ್ಗಿಲ್ಲ ಅಂತ ಇಟ್ಟುಕೊಳ್ಳಿ. ಆ ಬಾಗಿಲನ್ನು ನೀರು ಸುಮಾರು 300 ಕೆ.ಜಿ. ಬಲದಿಂದ ಒತ್ತಿ ಹಿಡಿದಿರುತ್ತದೆ. ಆರು ಮೂಟೆ ಸಿಮೆಂಟಿನ ಭಾರ. ಪೈಲ್ವಾನನಾದರೂ ಹೊರಕ್ಕೆ ತಳ್ಳಲಾರ. ಹಾಗಾಗಿ ನೀರಿಗೆ ಬಿದ್ದ ಬಸ್ಸಿನಲ್ಲಿ ಬಾಗಿಲಿನ ಜೊತೆ ಗುದ್ದಾಡುತ್ತ ಕೂರುವಂತಿಲ್ಲ. ನೀರಿನಿಂದ ಮೇಲಿರುವ ಕಿಟಕಿ ಯಾವುದೋ ಅದರ ಕಡೆಗೆ ತಕ್ಷಣ ಹೋಗಬೇಕು. ಕಿಟಕಿ ಅಂದೆ. ನಮ್ಮ ಕಿಟಕಿಗಳಿಗೆ ಅಡ್ಡಸರಳುಗಳಿವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೆಂಕಿಯ ಒಂದು ಘಟನೆ ಹೇಳಬೇಕು. ದೂರದ ದೇಶದ್ದು, ಹಳೆಯದು. ಆದರೆ ಬಸ್ಸಿನಿಂದ ಹೊರಗೆ ಬರುವ ವಿಷಯದಲ್ಲಿ ನನಗೆ ತಿಳಿದ ಹೆಚ್ಚಿನದನ್ನು ಕಲಿಸಿದ್ದು ಇದೇ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಬಸ್ಸುಗಳ ಉಸ್ತುವಾರಿ ನನಗೆ ವಹಿಸಿದಾಗ ಇದನ್ನು ಓದಿದೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅಮೆರಿಕದ ಕೆಂಟಕಿ ರಾಜ್ಯ, ಕ್ಯಾರಲ್ಟನ್ ಎಂಬ ಊರಿನ ಹತ್ತಿರ. 1988ರ ಮೇ 14, ಶನಿವಾರ ರಾತ್ರಿ ಹನ್ನೊಂದಕ್ಕೆ ಇನ್ನೂ ಕೆಲವು ನಿಮಿಷ. ಒಂದು ಚರ್ಚಿನ ಮಕ್ಕಳು ಹಗಲೆಲ್ಲ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಆಡಿ ವಾಪಸು ಬರುತ್ತಿದ್ದರು. ಬಸ್ಸು ಮೊದಲು ಶಾಲೆಯದಾಗಿದ್ದು, ಹಳೆಯದಾದ ಮೇಲೆ ಚರ್ಚಿನ ಕೈಗೆ ಬಂದದ್ದು. ಡ್ರೈವರೂ ಸೇರಿ 67 ಜನ. ಕುಡಿದಿದ್ದವನೊಬ್ಬ ಪಿಕಪ್ ಟ್ರಕ್ಕನ್ನು ಹೆದ್ದಾರಿಯ ತಪ್ಪು ದಿಕ್ಕಿನಲ್ಲಿ ಓಡಿಸಿಕೊಂಡು ಬಂದು ಎದುರಿಗೇ ಗುದ್ದಿದ. 27 ಜನ ಸತ್ತರು, ಅವರಲ್ಲಿ 24 ಮಂದಿ ಮಕ್ಕಳು. 34 ಜನ ಗಾಯಗೊಂಡರು.

ಗುದ್ದಿದ ಏಟಿಗೆ ಅವರಲ್ಲಿ ಒಬ್ಬರೂ ಸಾಯಲಿಲ್ಲ. ಈ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ. ಡಿಕ್ಕಿಯಾದ ಮೇಲೂ 67 ಜನಕ್ಕೂ ಜೀವ ಇತ್ತು. ಆ 27 ಜನ ಸತ್ತದ್ದು ಹೊರಗೆ ಬರಲಾಗದೆ, ಹೊಗೆ ಕುಡಿದು, ಬೆಂಕಿಯಲ್ಲಿ.

ಯಾಕೆ ಬರಲಾಗಲಿಲ್ಲ? ಪೆಟ್ರೋಲ್ ಟ್ಯಾಂಕ್ ಇದ್ದದ್ದು ಮುಂಬಾಗಿಲಿನ ಹಿಂದೆಯೇ. ಗುದ್ದಿದ ರಭಸಕ್ಕೆ ಅದು ತೂತಾಯಿತು, ಬೆಂಕಿ ಶುರುವಾದದ್ದೇ ಬಾಗಿಲಿನಲ್ಲಿ. ಅಲ್ಲಿಗೆ ಮುಂದಿನ ದಾರಿ ಮುಚ್ಚಿತು. ಉಳಿದದ್ದು ಹಿಂದಿನ ತುರ್ತು ಬಾಗಿಲು ಒಂದೇ. ಸೀಟುಗಳ ನಡುವಿನ ದಾರಿ ಎಷ್ಟಗಲ ಇತ್ತು ಗೊತ್ತೇ? ಇಗೋ, ನನ್ನ ಕೈಯಲ್ಲಿ ಒಂದು ಅಡಿಪಟ್ಟಿ ಇದೆ. ಇಷ್ಟೇ. ಹನ್ನೆರಡು ಇಂಚು. ಕತ್ತಲೆ, ಹೊಗೆ, ಅರವತ್ತು ಚಿಲ್ಲರೆ ಜನ, ಎಲ್ಲರೂ ಏಕಕಾಲಕ್ಕೆ ಈ ಅಡಿಪಟ್ಟಿಯಷ್ಟು ಅಗಲದ ದಾರಿಗೆ ನುಗ್ಗಿದರು. ಹಿಂಬಾಗಿಲಿನ ಹತ್ತಿರ ನಡುದಾರಿಯಲ್ಲಿ ತಂಪು ಪಾನೀಯದ ಒಂದು ಪೆಟ್ಟಿಗೆ ಇಟ್ಟಿದ್ದರು. ಪಾರ್ಕಿನಲ್ಲಿ ಮಕ್ಕಳು ಕುಡಿಯಲಿ ಅಂತ ಪ್ರೀತಿಯಿಂದ ತಂದಿದ್ದ ಪೆಟ್ಟಿಗೆ. ಅದಕ್ಕೆ ಎಡವಿದರು, ಒಬ್ಬರ ಮೇಲೊಬ್ಬರು ಸಿಕ್ಕಿಹಾಕಿಕೊಂಡರು. ಸೀಟಿನ ಫೋಮ್ ಹೊತ್ತಿಕೊಂಡಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಸಯನೈಡ್ ಇರುತ್ತದೆ. ನಾಲ್ಕಾರು ಉಸಿರಿಗೆ ಕಾಲಿನ ಬಲ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲ ತೀರ್ಮಾನವಾಗಿತ್ತು.

ಆ ಬಸ್ಸಿನ ಷಾಸಿ, ಅಂದರೆ ಅಡಿಚೌಕಟ್ಟು, ತಯಾರಾಗಿ ಕೆಲವೇ ದಿನಗಳಲ್ಲಿ, 1977ರ ಏಪ್ರಿಲ್ 1ರಂದು, ಶಾಲಾ ಬಸ್ಸುಗಳಿಗೆ ಅಲ್ಲಿ ಹೊಸ ಸುರಕ್ಷಾ ನಿಯಮಗಳು ಜಾರಿಗೆ ಬಂದವು. ಇಂಧನ ಟ್ಯಾಂಕಿನ ರಕ್ಷಣೆಯೂ ಅದರಲ್ಲಿ ಸೇರಿತ್ತು. ಕೆಲವು ದಿನ ಮುಂಚೆ ಹುಟ್ಟಿದ್ದರಿಂದ ಈ ಬಸ್ಸಿಗೆ ಅದು ಅನ್ವಯಿಸಲಿಲ್ಲ. ಹನ್ನೊಂದು ವರ್ಷ ಹಾಗೇ ಓಡಿತು.

ಆಮೇಲೆ ಕೆಂಟಕಿಯವರು ಏನು ಮಾಡಿದರು? ಅಲ್ಲಿನ ಶಾಲಾ ಬಸ್ಸಿಗೆ ಈಗ ಹೊರಬರುವ ದಾರಿ ಒಂಬತ್ತು. ಮುಂದೆ ಒಂದು, ಹಿಂದೆ ಒಂದು, ಮಗ್ಗುಲಿಗೆ ಒಂದು, ನಾಲ್ಕು ತುರ್ತು ಕಿಟಕಿ, ಚಾವಣಿಯಲ್ಲಿ ಎರಡು ಕಿಂಡಿ. ಟ್ಯಾಂಕಿನ ಸುತ್ತ ಉಕ್ಕಿನ ಪಂಜರ. ಮರುವರ್ಷವೇ, 1989ರ ಸೆಪ್ಟೆಂಬರ್‌ನಲ್ಲಿ, ಟೆಕ್ಸಾಸಿನ ಆಲ್ಟನ್‌ನಲ್ಲಿ 81 ಮಕ್ಕಳಿದ್ದ ಶಾಲಾ ಬಸ್ಸಿಗೆ ಲಾರಿ ಗುದ್ದಿ, ಅದು ನೀರು ತುಂಬಿದ ಕಲ್ಲುಕ್ವಾರಿಗೆ ಬಿತ್ತು. 21 ಮಕ್ಕಳು ಸತ್ತರು. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರು. ಎರಡೂ ಕಡೆ ಬಸ್ಸಿನೊಳಗಿದ್ದವರ ಸಂಖ್ಯೆಗೆ ದಾರಿ ಸಾಲಲಿಲ್ಲ. ಆಮೇಲೆ 1992ರಲ್ಲಿ ಇಡೀ ದೇಶದ ನಿಯಮವನ್ನೇ ಬಿಗಿ ಮಾಡಿದರು. ಎಷ್ಟು ಜನ ಕೂರುತ್ತಾರೋ ಅದಕ್ಕೆ ತಕ್ಕಷ್ಟು ದಾರಿ. ಕತ್ತಲಲ್ಲೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಬಾಗಿಲಿನ ಸುತ್ತ.

ಅಲ್ಲಿನ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ವಿಷಯ. ತುರ್ತು ಬಾಗಿಲಿಗೆ ಬೀಗ ಹಾಕುವ ವ್ಯವಸ್ಥೆ ಇದ್ದರೆ, ಆ ಬೀಗ ತೆಗೆಯುವವರೆಗೆ ಎಂಜಿನ್ ಸ್ಟಾರ್ಟೇ ಆಗಬಾರದು. ರಾತ್ರಿ ಶೆಡ್ಡಿನಲ್ಲಿ ಕಳ್ಳರು ನುಗ್ಗದ ಹಾಗೆ ಬೀಗ ಹಾಕಿಕೊಳ್ಳಿ, ತಪ್ಪಿಲ್ಲ. ಬೆಳಗ್ಗೆ ಅದನ್ನು ತೆಗೆಯುವುದು ಮರೆತರೆ ಬಸ್ಸು ಹೊರಡುವುದೇ ಇಲ್ಲ. ಮನುಷ್ಯನ ಮರೆವನ್ನು ಬೈಯುತ್ತ ಕೂರದೆ, ಆ ಮರೆವಿನಿಂದ ಮಗುವಿಗೆ ಅಪಾಯವಾಗದ ಹಾಗೆ ಯಂತ್ರವನ್ನೇ ಕಟ್ಟಿದರು.

ನಮ್ಮ ಕಡೆಯ ಮಾತಿಗೆ ಬರೋಣ. ನಾನು ಉಸ್ತುವಾರಿ ವಹಿಸಿಕೊಂಡ ವಾರ ಒಂದು ಬಸ್ಸಿನ ತುರ್ತು ಬಾಗಿಲು ತೆರೆಯಲು ಹೋದೆ. ಯಾವ ಶಾಲೆಯದು, ಯಾರ ಬಸ್ಸು ಎಂಬುದು ಬೇಡ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಹಿಡಿಕೆ ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ಎಳೆದೆ, ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ, ಎಫ್‌ಸಿಗೆ, ಅಂದರೆ ಬಸ್ಸು ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರದ ತಪಾಸಣೆಗೆ, ಹೋಗುವ ಮುಂಚೆ ಪ್ರತಿ ಸಲ ಬಸ್ಸಿಗೆ ಬಣ್ಣ ಹೊಡೆದಾಗಲೆಲ್ಲ ಹಿಡಿಕೆಯ ಬುಡಕ್ಕೂ ಬಣ್ಣ ಬಿದ್ದು, ಪದರದ ಮೇಲೆ ಪದರ ಕೂತು, ಹಿಡಿಕೆಯೂ ತಗಡೂ ಒಂದೇ ಆಗಿತ್ತು. ಮೆಕ್ಯಾನಿಕ್ ಬಂದು ಬ್ಲೇಡಿನಲ್ಲಿ ಬಣ್ಣ ಕೆರೆದ, ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಹಿಡಿಕೆ ತಿರುಗಿತು, ಬಾಗಿಲು ಬರಲಿಲ್ಲ. ಸುತ್ತಲಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಕರಗಿ ಅಂಟಿಕೊಂಡಿತ್ತು. ಅದನ್ನೂ ಬಿಡಿಸಿದೆವು. ಕೊನೆಗೆ ಬಾಗಿಲು ಕಿರುಗುಟ್ಟುತ್ತ ತೆರೆದುಕೊಂಡಾಗ ಇಪ್ಪತ್ತು ನಿಮಿಷ ಆಗಿತ್ತು. ತೆರೆದ ಮೇಲೆ ನೋಡಿದರೆ ಬಾಗಿಲಿಗೆ ಅಡ್ಡವಾಗಿ ಒಂದು ಸೀಟು. ನಾಲ್ಕು ಮಕ್ಕಳು ಹೆಚ್ಚು ಕೂರಲಿ ಅಂತ ಆಮೇಲೆ ಕೂಡಿಸಿದ್ದು. ಬಾಗಿಲು ತೆರೆದರೂ ದಾಟುವ ಹಾಗಿರಲಿಲ್ಲ.

ಆ ಬಸ್ಸು ದಿನಾ ಓಡಾಡುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿ. ಕೆಂಪು ಅಕ್ಷರ ಇತ್ತು, ಬಾಣದ ಗುರುತು ಇತ್ತು.

2024ರ ಅಕ್ಟೋಬರ್ 1ರಂದು ಥಾಯ್ಲೆಂಡಿನ ಬ್ಯಾಂಕಾಕ್ ಪಕ್ಕದಲ್ಲಿ ಪ್ರವಾಸಕ್ಕೆ ಹೊರಟಿದ್ದ ಶಾಲಾ ಮಕ್ಕಳ ಬಸ್ಸಿಗೆ ಬೆಂಕಿ ಬಿತ್ತು. 20 ಮಕ್ಕಳು, 3 ಶಿಕ್ಷಕರು ಸುಟ್ಟುಹೋದರು. ಗ್ಯಾಸಿನಿಂದ ಓಡುವ ಬಸ್ಸು. 6 ಸಿಲಿಂಡರಿಗೆ ಅನುಮತಿ, ಒಳಗೆ ಇದ್ದದ್ದು 11. ಹಿಂದಿನ ತುರ್ತು ಬಾಗಿಲು ತೆರೆಯಲಾಗಲಿಲ್ಲ. ಅಂಟಿಕೊಂಡಿದ್ದ ಆ ಬೀಡಿಂಗನ್ನು ಮೆಕ್ಯಾನಿಕ್ ಬೆರಳಿನಿಂದ ಬಿಡಿಸುತ್ತಿದ್ದದ್ದು ಆ ಸುದ್ದಿ ಓದುವಾಗ ನನ್ನ ಕಣ್ಣಮುಂದೆ ಬಂತು.

ಈಗ ಕಿಟಕಿಯ ಸರಳು. ಇದು ಜಟಿಲವಾದ ವಿಷಯ. ಅವಸರದಲ್ಲಿ 'ಕಿತ್ತುಹಾಕಿ' ಅಂತ ಹೇಳುವ ಹಾಗಿಲ್ಲ. 1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ತುಂಬಿಕೊಂಡಿದ್ದ ಶಾಲಾ ಬಸ್ಸು ಯಮುನೆಗೆ ಬಿತ್ತು. 28 ಮಕ್ಕಳು ಹೋದರು. ಅದಾದ ಕೆಲವೇ ದಿನಗಳಲ್ಲಿ, ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಶಾಲಾ ಬಸ್ಸುಗಳಿಗೆ ನಿರ್ದೇಶನಗಳನ್ನು ಕೊಟ್ಟಿತು. ಇವತ್ತು ನಮ್ಮ ಬಸ್ಸಿನ ಮುಂದೆ ಹಿಂದೆ 'ಶಾಲಾ ಬಸ್' ಅಂತ ಬರೆದಿರುವುದು, ಶಾಲೆಯ ಹೆಸರು ಫೋನ್ ನಂಬರ್ ಇರುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ವೇಗ ನಿಯಂತ್ರಕ, ಐದು ವರ್ಷ ಅನುಭವವಿರುವ ಡ್ರೈವರ್, ಜೊತೆಗೊಬ್ಬ ಸಹಾಯಕಿ, ಸೀಟಿನಡಿ ಬ್ಯಾಗಿಡುವ ಜಾಗ, ಎಲ್ಲದರ ಬೇರು ಅಲ್ಲಿದೆ. ಕಿಟಕಿಗೆ ಅಡ್ಡಸರಳು ಹಾಕಬೇಕು ಎಂಬುದೂ ಅದರಲ್ಲೇ ಇದೆ. ಮಕ್ಕಳು ತಲೆ, ಕೈ ಹೊರಗೆ ಹಾಕಿ ಎದುರಿನ ವಾಹನಕ್ಕೆ ಸಿಕ್ಕಬಾರದು ಅಂತ. ಆ ಭಯ ನಿಜ. ಒಂದನೇ ಕ್ಲಾಸಿನ ಮಗು ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿದ್ದನ್ನು ನಾನೇ ಹಿಡಿದು ಎಳೆದಿದ್ದೇನೆ.

ಆದರೆ ಅದೇ ಸರಳು, ಬಸ್ಸು ಮಗುಚಿದ ದಿನ, ಹೊಗೆ ತುಂಬಿದ ದಿನ, ಜೈಲಿನ ಕಂಬಿಯಾಗುತ್ತದೆ. ಗಾಜು ಒಡೆಯುವ ಸುತ್ತಿಗೆಯನ್ನು ನೇತುಹಾಕಿ ಪ್ರಯೋಜನವಿಲ್ಲ. ಗಾಜು ಒಡೆದ ಮೇಲೂ ಕಂಬಿ ಅಲ್ಲೇ ಇರುತ್ತದೆ. ನಾನು ಕೇಳಿಕೊಳ್ಳುವುದು ಇಷ್ಟೆ. ಎಲ್ಲ ಕಿಟಕಿಯದೂ ಬೇಡ, ಒಂದೊಂದು ಮಗ್ಗುಲಲ್ಲಿ ಎರಡೆರಡು ಕಿಟಕಿಯ ಸರಳಿನ ಚೌಕಟ್ಟನ್ನು ವೆಲ್ಡ್ ಮಾಡುವ ಬದಲು ಕೀಲಿನ ಮೇಲೆ ನಿಲ್ಲಿಸಿ, ಒಳಗಿನಿಂದ ಒಂದೇ ಚಿಲಕಕ್ಕೆ ತೆರೆಯುವ ಹಾಗೆ ಮಾಡಿಸಿ. ಚಿಲಕ ಪುಟ್ಟ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ, ಎಂಟನೇ ಕ್ಲಾಸಿನವರ ಕೈಗೆ ಎಟುಕಲಿ. ಬಾಡಿ ಕಟ್ಟುವವರಿಗೆ ಇದು ಅರ್ಧ ದಿನದ ಕೆಲಸ. ಆರ್‌ಟಿಓ ಕಚೇರಿಗೆ ಮುಂಚೆಯೇ ತೋರಿಸಿ, ಕೇಳಿ ಮಾಡಿಸಬೇಕು. ಈ ಶಾಲೆಯ ಆಡಳಿತ ಮಂಡಳಿಯವರು ಇಲ್ಲಿದ್ದೀರಿ. ಈ ಒಂದನ್ನು ನಿಮ್ಮಿಂದ ಕೈಮುಗಿದು ಬೇಡುತ್ತೇನೆ.

ಹಾಗೇ ಸುತ್ತಿಗೆಯ ಬಗ್ಗೆ ಒಂದು ಮಾತು. ಗಾಜಿನ ನಡುವಿಗೆ ಹೊಡೆಯಬೇಡಿ, ಮೂಲೆಗೆ ಹೊಡೆಯಿರಿ. ಮಗ್ಗುಲಿನ ಗಟ್ಟಿ ಗಾಜು ಮೂಲೆಗೆ ಏಟು ಬಿದ್ದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಡ್ರೈವರ್ ಮುಂದಿನ ದೊಡ್ಡ ಗಾಜು ಹಾಗಲ್ಲ. ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಅದರ ಮೇಲೆ ಸಮಯ ಕಳೆಯಬೇಡಿ.

ಬಸ್ಸಿಗಿಂತ ಹೆಚ್ಚು ಭಯ ನನಗೆ ವ್ಯಾನುಗಳದು. ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೋಂಗೋವಾಲದಲ್ಲಿ 2020ರ ಫೆಬ್ರವರಿ 15ರಂದು 12 ಮಕ್ಕಳಿದ್ದ ಹಳೆಯ ಶಾಲಾ ವ್ಯಾನಿಗೆ ಬೆಂಕಿ ಹತ್ತಿತು. ಬಾಗಿಲು ತೆರೆಯಲಿಲ್ಲ. ನಾಲ್ಕು ಪುಟ್ಟ ಮಕ್ಕಳು ಒಳಗೇ ಹೋದರು. ಎಂಟು ಜನ ಉಳಿದರು. ಹೊಲದಲ್ಲಿದ್ದವರು ಓಡಿ ಬಂದರು. ವ್ಯಾನಿನೊಳಗಿದ್ದ ಹೈಸ್ಕೂಲು ಹುಡುಗಿಯೊಬ್ಬಳು ಕಿಟಕಿ ಒಡೆದು ಕಿರಿಯರನ್ನು ಹೊರಗೆ ದಾಟಿಸಿದಳು. ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ ಇನ್ನೆಷ್ಟು ಬೇಗ ಆಗುತ್ತಿತ್ತೋ ಅಂತ ನನಗೆ ಅನಿಸುತ್ತಲೇ ಇರುತ್ತದೆ. ಪೋಷಕರೇ, ದುಡ್ಡು ಉಳಿಯುತ್ತದೆ ಅಂತ ವ್ಯಾನಿಗೆ ಮಗುವನ್ನು ಹತ್ತಿಸುವ ಮುಂಚೆ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ನೋಡಿ. ತುಂಬ ವ್ಯಾನುಗಳಲ್ಲಿ ತೆರೆಯುವುದಿಲ್ಲ. ಹೊರಗಿನವರು ಬಂದೇ ತೆರೆಯಬೇಕು.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಶಾಲಾ ಬಸ್ಸಿಗೆಂದೇ ಎಐಎಸ್-063 ಅನ್ನುವ ಮಾನದಂಡ ಇದೆ. 2022ರ ಜನವರಿಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಶಾಲಾ ಬಸ್ಸುಗಳಿಗೂ ಪ್ರಯಾಣಿಕರು ಕೂರುವ ಜಾಗದಲ್ಲಿ ಬೆಂಕಿಯ ಅಲಾರಂ, ಬೆಂಕಿ ತಡೆಯುವ ವ್ಯವಸ್ಥೆ ಬೇಕೆಂಬ ಅಧಿಸೂಚನೆ ಹೊರಡಿಸಿತು. ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ವೋಲ್ವೋ ಬಸ್ಸು 2013ರ ಅಕ್ಟೋಬರ್ 30ರಂದು ಪಾಲೆಂ ಹತ್ತಿರ ಉರಿದು 45 ಜನ ಸತ್ತ ಮೇಲೆ ನಮ್ಮ ರಾಜ್ಯದಲ್ಲೂ ತಪಾಸಣೆಗಳು ನಡೆದವು. ಅವೆಲ್ಲ ಬೇಕು. ಆದರೆ ಎಫ್‌ಸಿ ವರ್ಷಕ್ಕೊಮ್ಮೆ, ಹೊಸ ಬಸ್ಸಾದರೆ ಎರಡು ವರ್ಷಕ್ಕೊಮ್ಮೆ. ಬಸ್ಸು ಓಡುವುದು ದಿನಕ್ಕೆರಡು ಸಲ.

ಇನ್ನು ಅಭ್ಯಾಸದ ವಿಷಯ. ನ್ಯೂಯಾರ್ಕ್ ರಾಜ್ಯದಲ್ಲಿ ಶಾಲಾ ಬಸ್ಸಿನಿಂದ ತುರ್ತಾಗಿ ಇಳಿಯುವ ಕವಾಯತು ವರ್ಷಕ್ಕೆ ಮೂರು ಸಲ ಆಗಲೇಬೇಕೆಂದು ಕಾನೂನು. ಮೊದಲನೆಯದು ಶಾಲೆ ಶುರುವಾದ ಮೊದಲ ಏಳು ದಿನದೊಳಗೆ. ನಾವು ಆಗಸ್ಟ್ 15ಕ್ಕೆ ತಿಂಗಳುಗಟ್ಟಲೆ ಕವಾಯತು ಮಾಡಿಸುತ್ತೇವೆ. ಪಿ.ಟಿ. ಮೇಷ್ಟ್ರಾಗಿ ನನಗೆ ಅದರ ಮೇಲೆ ತುಂಬ ಪ್ರೀತಿ. ಅದರಲ್ಲಿ ಒಂದೇ ಒಂದು ಗಂಟೆ ಬಸ್ಸಿಗೆ ಕೊಡಿ ಅಂತ ಕೇಳುತ್ತಿದ್ದೇನೆ.

ನಾನು ಮಾಡಿಸಿದ ಮೊದಲ ಸಲದ್ದನ್ನು ಹೇಳುತ್ತೇನೆ. ಮೈದಾನದಲ್ಲಿ ಬಸ್ಸು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, 44 ಮಕ್ಕಳನ್ನು ಕೂರಿಸಿದೆ. ಸೀಟಿ ಊದಿ, 'ಮುಂದಿನ ಬಾಗಿಲು ಇಲ್ಲ ಅಂದುಕೊಳ್ಳಿ, ಹಿಂದಿನಿಂದ ಇಳಿಯಿರಿ' ಅಂದೆ. ಎಲ್ಲರೂ ಎದ್ದು ಮುಂದಿನ ಬಾಗಿಲಿಗೇ ಓಡಿದರು. ಕೂಗಿ ಕೂಗಿ ತಿರುಗಿಸಬೇಕಾಯಿತು. ಹಿಂದಿನ ಬಾಗಿಲಿಗೆ ಬಂದವರು ಕೆಳಗೆ ನೋಡಿ ನಿಂತುಬಿಟ್ಟರು. ನೆಲ ಮೂರು ಮೂರೂವರೆ ಅಡಿ ಕೆಳಗಿದೆ, ಮೆಟ್ಟಿಲಿಲ್ಲ. ದೊಡ್ಡವರು ಧುಮುಕಿದರು, ಒಬ್ಬನ ಕಾಲು ಉಳುಕಿತು. ಚಿಕ್ಕವರು ಅಳಲು ಶುರುಮಾಡಿದರು. ಕೊನೆಯ ಮಗು ಇಳಿದಾಗ 3 ನಿಮಿಷ 40 ಸೆಕೆಂಡು. ಕ್ಯಾರಲ್ಟನ್ನಿನ ಬಸ್ಸಿಗೆ ಅಷ್ಟು ಸಮಯ ಇರಲಿಲ್ಲ.

ಧುಮುಕುವುದು ತಪ್ಪು ಅಂತ ಅವತ್ತೇ ಗೊತ್ತಾಯಿತು. ಸರಿಯಾದ ಕ್ರಮ ಕೂತು ಜಾರುವುದು. ಮೊದಲು ಇಬ್ಬರು ದೊಡ್ಡ ಮಕ್ಕಳು ಇಳಿದು ಬಾಗಿಲಿನ ಆಚೀಚೆ ನಿಲ್ಲಬೇಕು, ಅಂಗೈ ಮೇಲೆ ಮಾಡಿ. ಬಂದ ಮಗು ಹೊಸ್ತಿಲಲ್ಲಿ ಕೂತು, ಕಾಲು ಇಳಿಬಿಟ್ಟು, ಇಬ್ಬರ ಕೈ ಹಿಡಿದು ಜಾರಬೇಕು. ಮಣೆಯಿಂದ ಇಳಿದ ಹಾಗೆ. ಹಿಂದಿನ ಸಾಲು ಮೊದಲು, ಆಮೇಲೆ ಅದರ ಮುಂದಿನದು. ಒಂದು ಸಾಲು ಪೂರ್ತಿ ಇಳಿಯುವವರೆಗೆ ಮುಂದಿನ ಸಾಲಿನವರು ಸೀಟು ಬಿಟ್ಟು ಏಳಬಾರದು. ಇದನ್ನು ಹೇಳಿದರೆ ಮಕ್ಕಳಿಗೆ ಹಿಡಿಸುವುದಿಲ್ಲ, ಮಾಡಿಸಿದರೆ ಅರ್ಥವಾಗುತ್ತದೆ. ನಡುದಾರಿ ತುಂಬಿದರೆ ಎಲ್ಲರೂ ನಿಧಾನವಾಗುತ್ತಾರೆ. ಹೊಗೆ ಇದ್ದರೆ ಬಗ್ಗಿ ಬರಬೇಕು. ಬಿಸಿ ಹೊಗೆ ಮೇಲೆ ಕೂಡುತ್ತದೆ, ಉಸಿರಾಡುವ ಗಾಳಿ ಮೊಣಕಾಲಿನ ಎತ್ತರದಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇಳಿದವರು ಬಸ್ಸಿನ ಪಕ್ಕ ನಿಲ್ಲದೆ ನೂರು ಅಡಿ ದೂರ ಹೋಗಿ ಒಂದೇ ಕಡೆ ಸೇರಬೇಕು, ರಸ್ತೆ ದಾಟಬಾರದು. ಆಯಾ ಎಣಿಸಬೇಕು. ಎಣಿಸುವುದಕ್ಕೆ ಬೆಳಗ್ಗೆ ಎಷ್ಟು ಜನ ಹತ್ತಿದರು ಅಂತ ಗೊತ್ತಿರಬೇಕು. ಆ ಲೆಕ್ಕ ಡ್ರೈವರ್ ಬಳಿ ಇರುವ ಪುಸ್ತಕದಲ್ಲಿ ಮಾತ್ರ ಇದ್ದರೆ ಸಾಲದು, ಆಯಾಳ ಬಾಯಲ್ಲಿರಬೇಕು. ನಾಲ್ಕನೇ ಸಲ ಮಾಡಿದಾಗ ಅದೇ 44 ಮಕ್ಕಳಿಗೆ 1 ನಿಮಿಷ 50 ಸೆಕೆಂಡು ಹಿಡಿಯಿತು.

ಡ್ರೈವರಿಗೇ ಪೆಟ್ಟಾಗಿದ್ದರೆ? ಆಗ ಆಜ್ಞೆ ಕೊಡುವವರು ಯಾರು? ಪ್ರತಿ ಬಸ್ಸಿಗೂ ನಾಲ್ಕು ಜನ ಹಿರಿಯ ಮಕ್ಕಳು, ಇಬ್ಬರು ಮುಂದೆ, ಇಬ್ಬರು ತುರ್ತು ಬಾಗಿಲಿನ ಪಕ್ಕ. ಈಗ ನಮ್ಮ ಬಸ್ಸುಗಳಲ್ಲಿ ತುರ್ತು ಬಾಗಿಲಿನ ಪಕ್ಕ ಎಲ್‌ಕೆಜಿ ಮಕ್ಕಳನ್ನು ಕೂರಿಸುತ್ತೇವೆ, ಮೂಲೆಯಲ್ಲಿ ಸುಮ್ಮನಿರುತ್ತಾರೆ ಅಂತ. ನಾಳೆಯಿಂದಲೇ ಅದನ್ನು ಬದಲಿಸಿ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಎರಡನೇ ಸಲದ ಕವಾಯತಿನಲ್ಲಿ ಮೂರನೇ ಕ್ಲಾಸಿನ ಒಂದು ಹುಡುಗಿ ಇಳಿದು ಹತ್ತು ಹೆಜ್ಜೆ ಓಡಿ, ಗಕ್ಕನೆ ತಿರುಗಿ ಮತ್ತೆ ಬಸ್ಸು ಹತ್ತಲು ಬಂದಳು. ಹಿಡಿದು ನಿಲ್ಲಿಸಿದೆ. 'ಯಾಕಮ್ಮ?' ಅಂದೆ. 'ನೀರಿನ ಬಾಟ್ಲು ಸರ್. ಹೊಸದು. ಕಳೆದರೆ ಅಮ್ಮ ಹೊಡೀತಾರೆ.' ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೆಂಕಿಯ ಭಯ ಅವಳಿಗಿರಲಿಲ್ಲ, ಅದು ಬರೀ ಆಟ ಅಂತ ಗೊತ್ತಿತ್ತು. ಬಾಟ್ಲಿಯ ಭಯ ಮಾತ್ರ ನಿಜವಾದದ್ದು. ಅವತ್ತು ಸಂಜೆ ಆ ತಾಯಿಯನ್ನು ಕರೆಸಿ ಮಾತಾಡಿದೆ. ಅವರು ಅತ್ತರು. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವಿಗೆ ನೀವೇ ಹೇಳಿ. ಬಸ್ಸಿನಿಂದ ಬೇಗ ಇಳಿ ಅಂತ ಯಾರಾದರೂ ಕೂಗಿದರೆ ಬ್ಯಾಗು, ಬಾಟ್ಲು, ಟಿಫನ್ ಬಾಕ್ಸು, ಶೂ, ಏನನ್ನೂ ನೋಡಬೇಡ, ನಾನು ಬೈಯಲ್ಲ, ಎಲ್ಲ ಹೊಸದು ತಂದುಕೊಡ್ತೀನಿ. ಮೇಷ್ಟ್ರು ಹೇಳಿದರೆ ಅವರು ನಂಬುವುದಿಲ್ಲ, ಅಮ್ಮ ಹೇಳಿದರೆ ನಂಬುತ್ತಾರೆ.

ಮಾತು ಇಲ್ಲಿಗೆ ಸಾಕು. ಹೊರಗೆ ಹೊಂಗೆ ಮರದ ಕೆಳಗೆ ಎರಡು ಬಸ್ಸು ನಿಲ್ಲಿಸಿದ್ದೇವೆ, ಎಂಜಿನ್ ಆಫ್, ಚಕ್ರಕ್ಕೆ ಕಲ್ಲು ಕೊಟ್ಟಿದೆ. ಹಿಂದಿನ ಬಾಗಿಲಿನ ಹತ್ತಿರ ಪಿ.ಯು. ಹುಡುಗರು ಇಬ್ಬರು ಕೈ ಕೊಡಲು ನಿಂತಿದ್ದಾರೆ. ಸೀರೆ ಉಟ್ಟವರು ಸೆರಗು ಸಿಕ್ಕಿಸಿಕೊಳ್ಳಿ. ಒಬ್ಬೊಬ್ಬರೇ ಒಳಗೆ ಹೋಗಿ, ಕೆಂಪು ಹಿಡಿಕೆ ತಿರುಗಿಸಿ, ಬಾಗಿಲು ನೂಕಿ, ಹೊಸ್ತಿಲಲ್ಲಿ ಕೂತು ಇಳಿಯಿರಿ. ಆಯಾಗಳು ಮೊದಲು ಬನ್ನಿ.